ಅವ್ವ ಹುಡುಕಿದ ಬೆರಳು

ಅವ್ವನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೇಲಕ್ಕೆ ರಬ್ಬರ್ ಬ್ಯಾಂಡುಗಳೇ ತುಂಬಿರುತ್ತಿದ್ದವು. ಕೆಂಪು, ಹಳದಿ, ಹಸಿರು, ಒಂದರ ಮೇಲೊಂದು. ಗಂಡ ತೀರಿಕೊಂಡಾಗ ಅವಳ ಬಳೆ ತೆಗೆಸಿದರಂತೆ. ಹದಿನೈದು ದಿನಕ್ಕೆ ಅಂಗಡಿಯ ಬಾಗಿಲು ತೆಗೆದವಳೇ ರಬ್ಬರ್ ಬ್ಯಾಂಡಿನ ಹೊಸ ಪೊಟ್ಟಣ ಒಡೆದು ಕೈಗೆ ಏರಿಸಿಕೊಂಡಳಂತೆ. ಯಾರೋ ಕೇಳಿದ್ದಕ್ಕೆ, "ಕೈ ಬೋಳ ಇದ್ರ ಕೆಲಸಕ್ಕ ಮನಸ ಬರೂದಿಲ್ಲವಾ" ಎಂದಿದ್ದಳು. ಒಂದು ಮಗುವಿನ ಅರ್ಜಿ ಮುಗಿದರೆ ಕೈಯಿಂದ ಒಂದು ಬ್ಯಾಂಡು ತೆಗೆದು ಕಾಗದಗಳಿಗೆ ಹಾಕುವಳು.

ಗಿಣಿಗೇರಾದಲ್ಲಿ ಕಾರ್ಖಾನೆಗಳ ಕಡೆ ಹೋಗುವ ರಸ್ತೆಯ ಮೂಲೆಗೆ ಅವಳ ಅಂಗಡಿ. ಒಂದು ಜೆರಾಕ್ಸ್ ಮಷೀನು, ಒಂದು ಕಂಪ್ಯೂಟರು, ಬೆರಳಚ್ಚು ಹಿಡಿಯುವ ಒಂದು ಪುಟ್ಟ ಡಬ್ಬಿ. ಎಲ್ಲದರ ಮೇಲೂ ಕರಿ ಧೂಳು ಕೂರುವ ಊರು ನಮ್ಮದು, ಹಾಗಾಗಿ ಮೂರಕ್ಕೂ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿಡುತ್ತಿದ್ದಳು. ಎಲ್ಲರೂ ಜೆರಾಕ್ಸ್ ಅವ್ವ ಎನ್ನುತ್ತಿದ್ದರು, ನಾನೂ ಅದೇ ಅಂದೆ. ಅವಳ ತವರು ಯಲಬುರ್ಗಾ ಕಡೆಯ ಮಂಗಳೂರು. ಹೊರ ರಾಜ್ಯದಿಂದ ಬಂದ ಕಾರ್ಮಿಕರು ಆ ಹೆಸರು ಕೇಳಿ ಕಣ್ಣರಳಿಸಿ ಸಮುದ್ರದ ಮಾತು ತೆಗೆದರೆ, "ನಮ್ಮ ಮಂಗಳೂರಾಗ ಎಲ್ಲೀ ಸಮುದ್ರನೋ ತಮ್ಮಾ, ಬ್ಯಾಸಗ್ಯಾಗ ಕೊಡ ತುಂಬಿದ್ರ ಅದ ನಮಗ ಸಮುದ್ರ" ಎಂದು ನಗುವಳು.

ನಾವೂ ಹೊರಗಿನಿಂದ ಬಂದವರೇ, ಒಡಿಶಾದವರು. ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ಇಲ್ಲಿಯ ಕಬ್ಬಿಣದ ಕಾರ್ಖಾನೆಯೊಂದಕ್ಕೆ ಕುಲುಮೆಯ ಕೆಲಸಕ್ಕೆ ಬಂದ. ನಾನು ಅ ಆ ಇ ಈ ಕಲಿತದ್ದು ಗಿಣಿಗೇರಾದ ಸರಕಾರಿ ಶಾಲೆಯಲ್ಲಿ. ಒಡಿಶಾದ ನಮ್ಮೂರಿನ ಬಸ್ಸಿನ ಬೋರ್ಡು ಓದಲು ನನಗೆ ಇವತ್ತಿಗೂ ಬಾರದು. ಕೊಪ್ಪಳದಲ್ಲಿ ಪಿಯುಸಿ ಮುಗಿದಾಗ ಅಪ್ಪ ನೇರವಾಗಿ ಹೇಳಿದ: ವಿದ್ಯಾರ್ಥಿವೇತನ ಬಂದರೆ ಡಿಗ್ರಿಗೆ ಹೋಗು, ಇಲ್ಲವಾದರೆ ಅಮ್ಮನ ಜೊತೆ ಊರಿಗೆ ಹೋಗು. ಊರಲ್ಲಿ ದೊಡ್ಡಪ್ಪ ಆಗಲೇ ಒಂದು ಗಂಡು ನೋಡಿದ್ದ. ಒಡಿಯಾದ ಒಂದಕ್ಷರವೂ ಓದಲು ಬಾರದ ನಾನು ಅಲ್ಲಿ ಹೋಗಿ ಮಾಡುವುದಾದರೂ ಏನು? ರೊಟ್ಟಿ ಬಡಿಯುವುದೇ? ಅಲ್ಲಿ ಅದನ್ನೂ ತಿನ್ನುವುದಿಲ್ಲ, ಮೂರು ಹೊತ್ತೂ ಅನ್ನ!

ಅರ್ಜಿಯ ಕಾಲ ಬಂತೆಂದರೆ ಅವ್ವನ ಅಂಗಡಿಯ ಮುಂದೆ ನನ್ನಂಥವರದೇ ಸಾಲು. ಬಿಹಾರದವರು, ಆಂಧ್ರದವರು, ನಮ್ಮವರು. ಇಷ್ಟು ವರ್ಷ ಇಲ್ಲೇ ಓದಿದ್ದಾರೆ ಎಂಬ ಪತ್ರ ಎಲ್ಲಿ ಸಿಗುತ್ತದೆ, ಆದಾಯದ ಪತ್ರಕ್ಕೆ ಯಾವ ಬಾಗಿಲು ತಟ್ಟಬೇಕು, ಎಲ್ಲ ಅವಳಿಗೆ ಬಾಯಿಪಾಠ. ಆದರೆ ಬಾಯಿ ಮಾತ್ರ ಮೆಣಸಿನಕಾಯಿ. ಅಂಗಡಿಯಲ್ಲಿ ಅಳುವಂತಿಲ್ಲ. "ಅಳೂದಿದ್ರ ಹೊರಗ ಹೋಗಿ ಅಳು, ಕಾಗದ ತೊಯ್ತಾವ" ಎಂದು ಗದರುವಳು. ಇನ್ನೊಂದು ನಿಯಮವಿತ್ತು. ಅರ್ಜಿಯ ಪ್ರತಿ ಸಾಲನ್ನೂ ಮಗು ತನ್ನ ಅಪ್ಪನಿಗೆ ಮನೆಮಾತಿನಲ್ಲಿ ಓದಿ ಹೇಳಬೇಕು, ಆಮೇಲೆಯೇ ಅಪ್ಪನ ಬೆರಳು. "ತಿಳೀಲಾರದ ಕಾಗದಕ್ಕ ಬೆರಳ ಒತ್ತಬಾರದು" ಎನ್ನುವಳು.

ನನ್ನ ಸರದಿ ಬಂದಾಗ ನಾನು ಒಂದು ಸಾಲು ಹಾರಿಸಿದೆ. ಅವ್ವನಿಗೆ ಒಡಿಯಾ ಒಂದು ಮಾತೂ ಬಾರದು, ಆದರೂ ತನ್ನ ಪ್ರತಿಯ ಮೇಲೆ ಬೆರಳಿಟ್ಟು ಸಾಲು ಎಣಿಸುತ್ತಿದ್ದಳು.

"ಆರನೇದ್ದು ನುಂಗಿದಿ. ಹೇಳು."

ಆರನೆಯದು ತಂದೆಯ ವಿದ್ಯಾರ್ಹತೆ. ಅಲ್ಲಿ ನಾನು 'ಇಲ್ಲ' ಎಂದು ಬರೆದಿದ್ದೆ. ತಲೆ ತಗ್ಗಿಸಿ ಓದಿ ಹೇಳಿದೆ. ಅಪ್ಪ ನಕ್ಕ. "ನಿಜ ಅಲ್ಲಾ? ಇರ್ಲಿ, ಇರ್ಲಿ" ಎಂದ. ನಾಚಿಕೆ ಪಟ್ಟವಳು ನಾನೊಬ್ಬಳೇ.

ಆಮೇಲೆ ಬಂತು ನೋಡಿ ಪೀಕಲಾಟ. ಅಪ್ಪನ ಆಧಾರಿಗೆ ಜೋಡಿಸಿದ್ದ ಫೋನ್ ನಂಬರು ಒಮ್ಮೆ ಊರಿಗೆ ಹೋದಾಗ ಕೊಂಡದ್ದು, ಅದು ನಿಂತು ಯಾವ ಕಾಲವಾಯಿತೋ, ಒಟಿಪಿ ಬರುವಂತಿರಲಿಲ್ಲ. ಹಾಗಾಗಿ ಬೆರಳಚ್ಚೇ ಗತಿ. ಅಪ್ಪ ಹೆಬ್ಬೆಟ್ಟು ಒತ್ತಿದ, ಡಬ್ಬಿಯಲ್ಲಿ ಕೆಂಪು ದೀಪ. ಇನ್ನೊಂದು ಹೆಬ್ಬೆಟ್ಟು, ಮತ್ತೆ ಕೆಂಪು. ವರ್ಷಗಟ್ಟಲೆ ಕಾದ ಸಲಾಕೆ ಹಿಡಿದ ಬೆರಳುಗಳವು, ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಅವ್ವ ಸೋಪು ಕೊಟ್ಟು ತೊಳೆಸಿದಳು. ಕೊಬ್ಬರಿ ಎಣ್ಣೆ ಕೊಟ್ಟು, ಹಚ್ಚಿ ಅರಿವೆ ಕಟ್ಟಿಕೊಂಡು ಮಲಗಲು ಹೇಳಿ ಕಳಿಸಿದಳು. ಮರುದಿನವೂ ಕೆಂಪೇ. ಪಹಣಿಗೆಂದು ಬಂದು ಕೂತಿದ್ದ ಒಬ್ಬರು, "ಹೊರಗಿನವರದು ಬರೇ ಇದ ಗೋಳು. ನಮ್ಮ ಹುಡುಗರಿಗೇ ಸಿಗವಲ್ದು" ಎಂದು ಗೊಣಗಿದರು.

ಅವ್ವ ತಲೆ ಎತ್ತದೆ ಹೇಳಿದಳು: "ನಿಮ್ಮ ಪಹಣಿ ನಾಳಿಗಿ ತೊಗೊರಿ. ಈಗ ಹೋಗ್ರಿ."

ಮೂರನೆಯ ದಿನವೇ ಕಡೆಯ ದಿನ, ಸಂಜೆ ಐದಕ್ಕೆ ಅರ್ಜಿಯ ಬಾಗಿಲು ಮುಚ್ಚುತ್ತಿತ್ತು. ಬೆಳಿಗ್ಗೆ ಮತ್ತೆ ಕೆಂಪು ದೀಪ ಬಂದಾಗ ಅಪ್ಪ ಕೈಯನ್ನು ಅಂಗಿಗೆ ಒರೆಸಿಕೊಂಡು ಎದ್ದ. "ಬಿಡು ಅವ್ವಾ. ಮಷೀನಿಗೆ ನಾನು ಮನುಷ್ಯ ಅಂತ ಗೊತ್ತಿಲ್ಲ" ಎಂದ, ತನ್ನ ಹರಕು ಕನ್ನಡದಲ್ಲಿ. ನನಗೆ ಅಳು ಬಂತು, ನಿಯಮ ನೆನಪಾಗಿ ಬಾಗಿಲಿಗೆ ಹೋದೆ.

"ಏಯ್, ಎಲ್ಲಿ ಹೊಂಟ್ರಿ ಇಬ್ಬರೂ? ಬರ್ರಿ ಇಲ್ಲಿ" ಎಂದು ಅವ್ವ ಕೂಗಿದಳು. ಮೂಲೆಯಲ್ಲಿದ್ದ ಉದ್ದನೆಯ ಕಸಬರಿಗೆ ತಂದು ಅಪ್ಪನ ಕೈಗೆ ಕೊಟ್ಟಳು. "ಸಲಾಕಿ ಹೆಂಗ ಹಿಡೀತಿ ತಮ್ಮಾ? ಹಿಡಿದು ತೋರ್ಸು."

ಅಪ್ಪ ಮೊದಲು ಸಂಕೋಚಪಟ್ಟ. ಆಮೇಲೆ ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಕಸಬರಿಗೆಯ ಕೋಲು ಹಿಡಿದು, ಕುಲುಮೆಯ ಬಾಯಿಗೆ ತಿವಿದಂತೆ ತಿವಿದ. ಅಪ್ಪ ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಬಗ್ಗಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಅದ್ಯಾಕ ಹಂಗ ನಿಂತೈತಿ?"

ಎಡಗೈಯ ಕಿರುಬೆರಳು ಕೋಲಿಗೆ ತಾಗದೆ ಸೆಟೆದು ನಿಂತಿತ್ತು. ಸಣ್ಣವನಿದ್ದಾಗ ಅಪ್ಪ ಮಾವಿನ ಮರದಿಂದ ಬಿದ್ದು ಮುರಿದುಕೊಂಡದ್ದು, ಆಮೇಲೆ ಅದು ಮಡಚಲೇ ಇಲ್ಲ. ಫೋಟೋ ತೆಗೆಸುವಾಗಲೂ ಅದನ್ನು ಬಚ್ಚಿಡುತ್ತಿದ್ದ. ಅವ್ವ ಆ ಸೊಟ್ಟ ಬೆರಳನ್ನು ಹಿಡಿದು ಡಬ್ಬಿಯ ಮೇಲೆ ಒತ್ತಿದಳು. ಹಸಿರು ದೀಪ ಹತ್ತಿತು!

"ನೋಡಿದೇನು? ದುಡೀಲಾರದ ಬೆರಳ ನಿನ್ನ ಮಗಳನ್ನ ಓದಸಾಕ ಹೊಂಟೈತಿ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಕಾಗದಗಳಿಗೆ ಕೆಂಪು ರಬ್ಬರ್ ಬ್ಯಾಂಡು ಬಿತ್ತು. ಆದರೆ ಅದನ್ನು ಹಾಕುತ್ತಲೇ ಅವ್ವನ ನಗು ನಿಂತುಹೋಯಿತು.

"ಹೋದ ವಾರ ಒಬ್ಬ ಹುಡುಗಿನ್ನ ತಿರುಗಿ ಕಳಿಸಿದ್ನೆಲ್ಲ, ಬಿಹಾರದಾಕಿ. ಅವರಪ್ಪಂದೂ ಹಿಂಗ ಹೆಬ್ಬೆಟ್ಟ ಬರಲಿಲ್ಲ. ಎಲ್ಲಿ ಅದಾಳ?"

ಅವಳು ನನ್ನ ತರಗತಿಯವಳೇ. ಅಪ್ಪನ ಗುತ್ತಿಗೆ ಮುಗಿದು ಮನೆಮಂದಿಯೆಲ್ಲ ಗಂಗಾವತಿ ಕಡೆಯ ಮರಳಿ ಎಂಬ ಊರಿಗೆ ಭತ್ತ ನಾಟಿ ಮಾಡಲು ಹೋಗಿದ್ದರು. ಹಾಗೆಂದು ಹೇಳಿದೆ. ಹಾಡುಹಗಲಲ್ಲಿ ಎಂದೂ ಅಂಗಡಿ ಮುಚ್ಚದ ಅವ್ವ ಅಂದು ಮುಚ್ಚಿದಳು. ಹಳೆಯ ಲ್ಯಾಪ್‌ಟಾಪು, ಡಬ್ಬಿ, ಎರಡನ್ನೂ ಕೈಚೀಲಕ್ಕೆ ತುರುಕಿ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು.

ಬಸ್ಸು ಬದಲಿಸಿ, ಅವರಿವರನ್ನು ಕೇಳುತ್ತ ಅಲೆದು ಗದ್ದೆ ಸಿಗುವಷ್ಟರಲ್ಲಿ ನಾಲ್ಕು ಗಂಟೆ. ಹುಡುಗಿಯ ಅಪ್ಪನ ಕೈ ಬೆಳಗಿನಿಂದ ಕೆಸರಿನಲ್ಲಿ ನೆನೆದು ಸುಕ್ಕುಗಟ್ಟಿತ್ತು. ಅವ್ವ ಬದುವಿನ ಮೇಲೆ ಕೂತು ಸೆರಗಿನಿಂದ ಒಂದೊಂದೇ ಬೆರಳು ಒರೆಸಿ, ಊದಿ ಆರಿಸಿದಳು. ಏಳನೆಯ ಬೆರಳಿಗೆ ಹಸಿರು ದೀಪ ಬಂತು. ಆದರೆ ಹಾಳಾದ ನೆಟ್‌ವರ್ಕ್ ಬರಲಿಲ್ಲ. ರಸ್ತೆಯವರೆಗೆ ಓಡಿದೆವು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಕಡೆಗೆ ಸಮಯ ಮುಗಿದಿದೆ ಎಂದು ತೋರಿಸಿ ನಿಂತಿತು.

ಅವ್ವ ಆ ಹುಡುಗಿಯ ಕೈ ಹಿಡಿದುಕೊಂಡಳು. "ತಪ್ಪು ನಂದವಾ. ಹೆಬ್ಬೆಟ್ಟ ಒಂದ ಬೆರಳ ಅಂತ ತಿಳಕೊಂಡು ಇಷ್ಟ ವರ್ಷ ಕುಂತಿದ್ನಿ" ಎಂದಳು. ಅಷ್ಟು ದೊಡ್ಡವಳು ಹದಿನೇಳರ ಹುಡುಗಿಯ ಮುಂದೆ ನಿಂತು ಹಾಗೆ ಹೇಳಿದ್ದನ್ನು ನಾನು ಮರೆಯಲಾರೆ. ಆಮೇಲೆ ನನಗೆ ಎಷ್ಟೋ ಮೇಲಧಿಕಾರಿಗಳು ಸಿಕ್ಕಿದ್ದಾರೆ, ತಪ್ಪು ನನ್ನದು ಎಂದವರು ಒಬ್ಬರೂ ಇಲ್ಲ.

ಆ ಹುಡುಗಿಯ ಕಾಗದಗಳು ವರ್ಷವಿಡೀ ಅವ್ವನ ಕಂಪ್ಯೂಟರಿನ ಎದುರಿಗೇ ಇದ್ದವು, ಯಾರು ಏನು ಇಡಲು ಹೋದರೂ ಜಾಗ ಬಿಡುತ್ತಿರಲಿಲ್ಲ. ಮರುವರ್ಷ ಅರ್ಜಿ ತೆರೆದ ಬೆಳಿಗ್ಗೆಯೇ ಮೊದಲು ಹೋದದ್ದು ಅವಳದು. ಈಗ ಅವಳು ಗಂಗಾವತಿಯಲ್ಲಿ ನರ್ಸು. ನಾನು ಕೊಪ್ಪಳದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ, ಕನ್ನಡದಲ್ಲಿ.

ಹೋದ ಬೇಸಿಗೆಯಲ್ಲಿ ಅವ್ವ ಹೋಗಿಬಿಟ್ಟಳು. ಮಣ್ಣು ಮಾಡಿದ್ದು ಅವಳ ತವರು ಮಂಗಳೂರಿನಲ್ಲಿ. ಅಪ್ಪ ಪಾಳಿ ಬಿಟ್ಟು ಬಂದ, ಇಬ್ಬರೂ ಹೋದೆವು. ಗುಂಡಿಯ ಹತ್ತಿರ ಹಿರಿಯರೊಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಕೊಂಕಿಲ್ಲದೆಯೇ, "ನೀವು ಯಾರ ಕಡೆಯವರ್ರಿ?" ಎಂದು ಕೇಳಿದರು. ನಾನು ಮಾತು ಹುಡುಕುತ್ತಿದ್ದೆ. ಅಪ್ಪನೇ ಹೇಳಿದ: "ಅವ್ವನ ಕಡೆ."

ಅವರು ದಾರಿ ಬಿಟ್ಟರು. ಅಪ್ಪ ಎಡಗೈಯಲ್ಲಿ ಹಿಡಿ ಮಣ್ಣು ತೆಗೆದುಕೊಂಡ. ಕಿರುಬೆರಳು ಮಡಚುವುದಿಲ್ಲವಲ್ಲ, ಆ ಸಂದಿಯಿಂದ ಮಣ್ಣು ಸೋರಿ ಅರ್ಧ ಹಿಡಿಯೂ ಉಳಿಯಲಿಲ್ಲ. ಇದ್ದಷ್ಟು ಹಾಕಿ, ಬಗ್ಗಿ ಮತ್ತೊಂದು ಹಿಡಿ ತೆಗೆದುಕೊಂಡ. ನನಗೆ ತಡೆಯಲಾಗಲಿಲ್ಲ. ತೊಯ್ಯುವುದಕ್ಕೆ ಅಲ್ಲಿ ಕಾಗದಗಳಿರಲಿಲ್ಲ, ಜೋರಾಗಿ ಅತ್ತೆ.