ಬಳೆಗಾರ್ತಿಯ ನರಕ್ಕೆ ಹಚ್ಚಿದ ಅಂಟು

ಕೈಸರಬಿ ರಾಣೇಬೆನ್ನೂರಿನ ಬಜಾರಿನಲ್ಲಿ ಬಳೆ ತೊಡಿಸುತ್ತಾಳೆ. ಗಿರಾಕಿಯ ಹೆಬ್ಬೆರಳಿನ ಬುಡ ಒತ್ತಿ ನೋಡಿದರೆ ಸಾಕು, ಎಷ್ಟು ಅಳತೆಯ ಬಳೆ ಇಳಿಯುತ್ತದೆಂದು ಅವಳ ಬೆರಳುಗಳಿಗೆ ತಿಳಿಯುತ್ತಿತ್ತು. ಎರಡು ವರ್ಷದ ಹಿಂದೆ, ಯುಗಾದಿಯ ಮುನ್ನಾದಿನ, ಅಂಗಡಿಯ ಕಪಾಟು ಒರೆಸುವಾಗ ಗಾಜು ಒಡೆದು ಬಲ ಮಣಿಕಟ್ಟಿನೊಳಗೆ ಇಳಿಯಿತು. ಊರಿನ ಡಾಕ್ಟರು ರಕ್ತ ನಿಲ್ಲಿಸಿದರು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಚಿವುಟಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನರ ತುಂಡಾಗಿದೆ ಎಂದು ಅದೇ ದಿನ ದಾವಣಗೆರೆಗೆ ಕಳಿಸಿದರು.

ಅಲ್ಲಿ ಆಪರೇಶನ್ನಿಗೆ ತೋಳನ್ನಷ್ಟೇ ಮರಗಟ್ಟಿಸಿದ್ದರಿಂದ ಅವಳು ಎಚ್ಚರವಾಗಿಯೇ ಇದ್ದಳು. ಮುಖಕ್ಕೂ ಕೈಗೂ ನಡುವೆ ಹಸಿರು ಪರದೆ. ಸರ್ಜನ್ ಶ್ರದ್ಧಾ ಹಾವೇರಿ ಕಡೆಯವರು. ಅಂಟು ತಯಾರಿಸಲು ಅವರು ನರ್ಸಿಗೆ ಹೇಳಿದ್ದು ಕೈಸರಬಿಯ ಕಿವಿಗೆ ಬಿತ್ತು.

"ಮೇಡಮ್ಮಾರ, ನರ ಹೊಲಿಯೂದಿಲ್ಲೇನ್ರಿ?"

"ಭಾಳ ಹೊಲಿಗಿ ಹಾಕಿದ್ರ ನರಕ್ಕ ಪೆಟ್ಟು ಬೀಳತೈತಿ. ತುದಿಗೆ ತುದಿ ಕೂಡಿಸಿ ಸುತ್ತಲೂ ಅಂಟು ಹಚ್ಚತೇನಿ."

"ಬಳಿಗೆ ಹರಳು ಕೂಡಸ್ತಾರಲ್ರಿ, ಅಂಥಾ ಅಂಟೇನು?"

"ಅಲ್ರಿ. ಗಾಯ ಆದಾಗ ರಕ್ತ ಹೆಪ್ಪುಗಟ್ಟತೈತಲ್ಲ, ಆ ಹೆಪ್ಪಿನ ಸತ್ವದಿಂದನ ಮಾಡಿದ್ದು. ಕೆಲವು ವಾರದಾಗ ತಾನ ಕರಗತೈತಿ."

"ಕರಗಿದ ಮ್ಯಾಲ ಯಾರು ಹಿಡಕೋತಾರ್ರಿ?"

ಪರದೆಯ ಆಚೆ ಯಾರೋ ನಕ್ಕರು. "ಅಷ್ಟೊತ್ತಿಗೆ ನಿಮ್ಮ ಮೈನ ಹಿಡಕೊಂಡಿರತೈತಿ," ಎಂದರು ಶ್ರದ್ಧಾ. "ಈಗ ಅಲುಗಾಡಬ್ಯಾಡ್ರಿ."

ಕೆಲವು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಬೆರಳುಗಳು ಗಾಯವಾದ ದಿನದಷ್ಟೇ ಮರಗಟ್ಟಿದ್ದವು. ಅಂಟು ಬಿಟ್ಟಿತೆಂದೇ ಅವಳು ಹೆದರಿದಳು. ಶ್ರದ್ಧಾ ಮಣಿಕಟ್ಟಿನಿಂದ ಕೆಳಕ್ಕೆ ಮೆಲ್ಲಗೆ ತಟ್ಟುತ್ತ ಬಂದರು. ಗಾಯದಿಂದ ತುಸು ಕೆಳಗೆ ಒಂದು ಕಡೆ ಜುಮ್ಮೆಂದಿತು. ನರ ಅಲ್ಲಿಯವರೆಗೆ ಬೆಳೆದಿದೆ, ದಿನಕ್ಕೆ ಎಳ್ಳಿನ ದಪ್ಪದಷ್ಟು ಮುಂದೆ ಹೋಗುತ್ತದೆ ಎಂದು ವಿವರಿಸಿದರು. ಅಂದಿನಿಂದ ಅವಳಿಗೆ ಅದೇ ಗೀಳು. ಗಿರಾಕಿ ಇಲ್ಲದಾಗೆಲ್ಲ ಅಂಗೈ ತಟ್ಟಿಕೊಂಡು ಜುಮ್ಮೆನ್ನುವ ಜಾಗ ಹುಡುಕುವಳು. ನಾಗರಪಂಚಮಿಗೆ ಅಂಗೈ ನಡುವೆ ಇದ್ದದ್ದು ದೀಪಾವಳಿಯ ಹೊತ್ತಿಗೆ ಬೆರಳಿನ ಬುಡ ದಾಟಿತು.

ಚಳಿ ಮುಗಿಯುವಾಗ, ಬ್ಯಾಡಗಿ ಪೇಟೆಗೆ ಟಂಟಂ ಆಟೊ ಓಡಿಸುವ ಗಂಡ ಮಕ್ತುಮಸಾಬ ಅವಳ ಕಣ್ಣು ಮುಚ್ಚಿಸಿ ಕಡ್ಡಿಯಿಂದ ತೋರುಬೆರಳು ಮುಟ್ಟಿದ. ಅವಳು ನಡುಬೆರಳು ಎಂದಳು. ಮತ್ತೆ ಮುಟ್ಟಿದ, ಮತ್ತೆ ನಡುಬೆರಳು. ಅವನು ತಮಾಷೆ ಮಾಡುತ್ತಿದ್ದಾನೆಂದು ಜಗಳಕ್ಕೇ ನಿಂತಳು. ಬೆಳೆಯುವಾಗ ನರದ ಕೆಲವು ಎಳೆಗಳು ದಾರಿ ತಪ್ಪುತ್ತವೆ, ಯಾವ ಬೆರಳು ಯಾವುದೆಂದು ಮಿದುಳಿಗೆ ಹೊಸದಾಗಿ ಕಲಿಸಬೇಕು ಎಂದರು ಶ್ರದ್ಧಾ. ಕೈಸರಬಿ ಚೀಲದಲ್ಲಿ ಬಗೆಬಗೆಯ ಬಳೆ ಹಾಕಿ, ನೋಡದೆ ತಡಕಿ ಹೆಸರು ಹೇಳುವ ಅಭ್ಯಾಸ ಹಿಡಿದಳು. ಹರಳಿನದು ಬೇಗ ಗೊತ್ತಾಯಿತು. ಸಾದಾ ಗಾಜು ಬಹಳ ಸತಾಯಿಸಿತು.

ಮರುವರ್ಷದ ಪಂಚಮಿಗೆ ಹಳೆಯ ಗಿರಾಕಿ, ಐರಣಿ ಊರಿನ ಗುತ್ತೆವ್ವ ಅಂಗಡಿಗೆ ಬಂದು ಕೈ ಚಾಚಿದಳು.

"ನನ್ನ ಬೆರಳು ಇನ್ನೂ ಸುಳ್ಳು ಹೇಳತಾವ ಯಕ್ಕಾ. ಬಳಿ ಒಡದ್ರ ಬೈಬ್ಯಾಡ," ಎಂದಳು ಕೈಸರಬಿ.

"ಒಡೀಲಿ ತಗೋ. ನಿನ್ನ ಬಿಟ್ಟು ಯಾರ ಹತ್ರ ಹೋಗಲಿ?"

ಮೊದಲನೆಯದು ಒಡೆದೇ ಹೋಯಿತು. ಕೈಸರಬಿ ಕಣ್ಣು ಮುಚ್ಚಿ ಗುತ್ತೆವ್ವನ ಹೆಬ್ಬೆರಳಿನ ಬುಡವನ್ನು ಮತ್ತೆ ಒತ್ತಿದಳು. ಒತ್ತಿದ್ದು ತನ್ನ ತೋರುಬೆರಳು, ಮೂಳೆಯ ಉಬ್ಬು ತಿಳಿದದ್ದು ನಡುಬೆರಳಿನಲ್ಲಿ. ಎಲ್ಲಿ ತಿಳಿದರೇನು, ಉಬ್ಬು ಅದೇ ತಾನೇ. ಒಂದು ಅಳತೆ ದೊಡ್ಡ ಬಳೆ ತೆಗೆದಳು. ಅದು ಸಲೀಸಾಗಿ ಇಳಿಯಿತು.

ಈಗ ಅವಳು ದಿನವಿಡೀ ಅಂಗಡಿಯಲ್ಲಿರುತ್ತಾಳೆ. ಸೂಜಿಗೆ ದಾರ ಪೋಣಿಸಲು ಮಾತ್ರ ಇನ್ನೂ ಬರುವುದಿಲ್ಲ. ಚಳಿಯ ಬೆಳಗುಗಳಲ್ಲಿ ಬೆರಳ ತುದಿ ನೋಯುತ್ತದೆ, ಆಗ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಾಳೆ.