ಕಣ್ಣು ಪರೀಕ್ಷೆಯ ಕೊನೆಯ ಸಾಲು

ಆಪಾ ನಗುವಾಗಲೂ ಅವಳ ಎಡಗಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿ ಒರೆಸಿ ಸೆರಗಿನ ಒಂದು ಚುಂಗು ಬಣ್ಣ ಬಿಟ್ಟಿತ್ತು, ಒಣಗಿದಾಗ ಅದರ ಮೇಲೆ ಉಪ್ಪಿನ ಬಿಳಿ ಗೆರೆ ಮೂಡುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಪಾಪ, ಮನೆಯಲ್ಲಿ ಏನೋ ಕಷ್ಟವಿರಬೇಕು ಎಂದುಕೊಂಡು ಸಮಾಧಾನ ಹೇಳಲು ಹೋಗುತ್ತಿದ್ದರು.

"ಅಳಾಕತ್ತಿಲ್ಲ ಬೇ, ಕಣ್ಣು ತನ್ನ ಪಾಡಿಗೆ ತಾನ ಸೋರತೈತಿ. ಸ್ವಲ್ಪ ತಡೀರಿ, ನಿಮ್ಮವೂ ಸೋರತಾವ," ಎನ್ನುತ್ತಿದ್ದಳು.

ನಾನು ಯರಗುಪ್ಪಿಯವಳು. ಕುಂದಗೋಳದ ದಾರಿಯಲ್ಲಿರುವ ಒಂದು ಕಾರ್ಖಾನೆಗೆ ದಿನಾ ಕಂಪನಿ ಬಸ್ಸಿನಲ್ಲಿ ಹೋಗುತ್ತೇನೆ. ಇಂಜೆಕ್ಷನ್ ಔಷಧ ತುಂಬುವ ಸಣ್ಣ ಗಾಜಿನ ಬಾಟ್ಲಿಗಳು ಅಲ್ಲಿ ತಯಾರಾಗುತ್ತವೆ. ನಾವು ಚೆಕ್ಕಿಂಗ್‌ನವರು. ಎರಡೆರಡು ಬಾಟ್ಲಿಯ ಕುತ್ತಿಗೆ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ಮೊದಲು ಕರಿ ಹಲಗೆಯ ಮುಂದೆ, ಆಮೇಲೆ ಬಿಳಿ ಹಲಗೆಯ ಮುಂದೆ ತಿರುಗಿಸಿ ನೋಡಬೇಕು. ಕೂದಲಿನಷ್ಟು ಬಿರುಕು, ಸಾಸಿವೆಗಿಂತ ಸಣ್ಣ ಗುಳ್ಳೆ ಯಾವುದೂ ತಪ್ಪಬಾರದು. ಆಪಾ ನಮ್ಮ ಸಾಲಿಗೆ ಹಿರಿಯಳು, ನನಗೆ ಕೆಲಸ ಕಲಿಸಿದವಳು; ಅಕ್ಕ ಎನ್ನುವ ಬದಲು ಎಲ್ಲರೂ ಆಪಾ ಎನ್ನುತ್ತಿದ್ದೆವು. ಎಷ್ಟೋ ಟ್ಯೂಬುಗಳು ಪಟಪಟ ನಡುಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಮೂಳೆಯೊಳಗೆ ಯಾರೋ ಮೊಳೆ ಹೊಡೆದಂತೆ ನೋವು. ಮ್ಯಾನೇಜರ್ ಸಾಹೇಬರು ಮಾತ್ರ ಆ ಬೆಳಕು ತಮ್ಮ ಕಣ್ಣಿಗೆ ಚುಚ್ಚುತ್ತದೆಂದು ನಮ್ಮ ಹಾಲಿಗೆ ಬರುವಾಗ ಕರಿ ಕನ್ನಡಕ ಹಾಕಿಕೊಂಡು ಬರುತ್ತಿದ್ದರು. ಹಾಕಿಕೊಂಡೇ ನಮಗೆ, "ಸರಿಯಾಗಿ ಕಣ್ಣು ಬಿಟ್ಟು ನೋಡ್ರಿ" ಎನ್ನುತ್ತಿದ್ದರು. ಅದನ್ನು ನೆನೆದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ.

ಆಪಾನ ತವರಿನಲ್ಲಿ ಮಗ್ಗವಿತ್ತು. ಲಾಳಿಯೊಳಗಿನ ನೂಲು ತೀರಿದಾಗಲೆಲ್ಲ ಅವಳ ಅಪ್ಪ ಬೇರೆ ನೂಲು ಹಾಕುವ ಮೊದಲು ತಲೆ ಎತ್ತಿ, ಬಾಗಿಲಾಚೆ ದೂರಕ್ಕೆ ನೋಡುತ್ತಿದ್ದನಂತೆ. ಮಕ್ಕಳಿಗೂ ಹಾಗೆಯೇ ಮಾಡಿಸುತ್ತಿದ್ದನಂತೆ. ಆಪಾ ಅದೇ ಪದ್ಧತಿಯನ್ನು ನಮಗೆ ತಂದಳು. ನಮ್ಮ ಹಾಲಿಗೆ ಒಂದೇ ಕಿಟಕಿ. ಅದರಾಚೆ ಎರೆಹೊಲ, ಹೊಲದ ತುದಿಯ ಬದುವಿನ ಮೇಲೆ ಒಂಟಿ ಬೇವಿನ ಗಿಡ. ಒಂದು ಟ್ರೇ ಮುಗಿದ ಕೂಡಲೇ ಆಪಾ ಕೂಗುತ್ತಿದ್ದಳು: "ಗಿಡ ನೋಡ್ರಿ ಬೇ!" ನಾವೆಲ್ಲ ತಲೆ ಎತ್ತುತ್ತಿದ್ದೆವು. ಹತ್ತು ಎಣಿಸುವಷ್ಟು ಹೊತ್ತು, ಅಷ್ಟೇ. ಬಿಗಿದು ಕಟ್ಟಿದ ಗಂಟು ಸಡಿಲಾದಂತೆ ಕಣ್ಣು ಹಗುರಾಗುತ್ತಿತ್ತು. ಆಮೇಲೆ ಅಂಗೈ ಉಜ್ಜಿ ಬಿಸಿ ಮಾಡಿ ರೆಪ್ಪೆಯ ಮೇಲೆ ಇಟ್ಟುಕೊಳ್ಳಿ ಎನ್ನುತ್ತಿದ್ದಳು.

ಇದು ಸುಪರ್ವೈಸರನ ಕಣ್ಣಿಗೆ ಬಿತ್ತು. ಕೆಲಸ ಬಿಟ್ಟು ಹೊರಗೆ ನೋಡುತ್ತಾರೆ ಎಂದು ಮೇಲೆ ಹೇಳಿದ. ಮರುವಾರ ಕಿಟಕಿಯ ಗಾಜಿನ ತುಂಬ ದೊಡ್ಡದೊಂದು ಬಣ್ಣದ ಕಾಗದ ಅಂಟಿಸಿದರು. ಅದರ ಮೇಲೆ ಅಗಲ ಕಣ್ಣಿನ ಚೆಂದದ ಹುಡುಗಿಯೊಬ್ಬಳ ನಗು, ಕೆಳಗೆ 'ನಿಮ್ಮ ಕಣ್ಣು ನಮ್ಮ ಹೊಣೆ' ಎಂಬ ಮಾತು. ಅಂಟಿಸಲು ಗೋಡೆ ಇರಲಿಲ್ಲವೇ? ನಾಲ್ಕು ಗೋಡೆ ಬೋಳಾಗಿ ನಿಂತಿದ್ದವು. ಮುಖಕ್ಕೆ ಉಗುಳಿದ್ದರೂ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

ಆಪಾ ಜಗಳ ತೆಗೆಯಲಿಲ್ಲ. ಸುಪರ್ವೈಸರನ ಮೇಜಿನ ಮುಂದೆ ಹೋಗಿ ನಿಂತು, "ಸಾಹೇಬ್ರ, ಕಾಗದ ಇರಲಿ. ನಡಗೋ ಟ್ಯೂಬಾದ್ರೂ ಬದಲಿ ಮಾಡಿಸ್ರಿ," ಎಂದಳು.

ಅವನು ಒಂದು ಹಾಳೆ ತೆಗೆದು ತೋರಿಸಿದ. "ಹೋದ ವರ್ಷದ ಕಣ್ಣು ಪರೀಕ್ಷಾ ನೋಡ್ರಿ. ಎಲ್ಲಾರೂ ಕಡೀ ಸಾಲಿನ ತನಕ ಓದೀರಿ. ಕಣ್ಣು ಅಗದಿ ಚಲೋ ಅದಾವ. ಮತ್ತ ಲೈಟಿನ ತಕರಾರು ಯಾಕ?"

ಆ ಹಾಳೆ ನಮ್ಮದೇ ಪಾಪದ ಫಲ. ವರ್ಷಕ್ಕೊಮ್ಮೆ ಕ್ಯಾಂಟೀನಿನಲ್ಲಿ ಅಕ್ಷರದ ಹಲಗೆ ತೂಗುಹಾಕಿ ಕಣ್ಣು ಪರೀಕ್ಷೆ ಮಾಡುತ್ತಾರೆ. ಕಾಣದವರನ್ನು ಬಾಟ್ಲಿ ತೊಳೆಯುವ ಕಡೆಗೆ ಕಳಿಸುತ್ತಾರೆ. ಅಲ್ಲಿ ಪಗಾರ ಕಡಿಮೆ, ದಿನವಿಡೀ ಬಿಸಿನೀರಿನ ಹಬೆ. ಅದಕ್ಕೇ, ಮೊದಲು ಒಳಗೆ ಹೋದವಳು ಹೊರಬಂದು ಕೊನೆಯ ಸಾಲಿನ ಅಕ್ಷರಗಳನ್ನು ಪಿಸುಗುಡುತ್ತಿದ್ದಳು, ಉಳಿದವರು ಬಾಯಿಪಾಠ ಮಾಡುತ್ತಿದ್ದರು. ಆಪಾ ಕೂಡ ಅಷ್ಟು ವರ್ಷ ಹಾಗೆಯೇ ಪಾಸಾಗಿದ್ದಳು. ಹಲಗೆ ಎಂದೂ ಬದಲಾಗಲಿಲ್ಲ, ನಾವೂ ಬದಲಾಗಲಿಲ್ಲ.

ಆ ದಿನ ಬಸ್ಸಿನಲ್ಲಿ ಆಪಾ ಎದ್ದು ನಿಂತಳು. "ನಾವ ಸುಳ್ಳು ಹೇಳಿ ನಾವ ಕುರುಡರಾಗಾಕತ್ತೀವಿ. ಈ ಸಲ ಯಾರೂ ಬಾಯಿಪಾಠ ಹೇಳಬ್ಯಾಡ್ರಿ. ಎಲ್ಲಾರಿಗೂ ಕಾಣವಲ್ದು ಅಂದ್ರ ಎಲ್ಲಾರನೂ ತೊಳ್ಯಾಕ ಕಳಸ್ತಾರೇನು? ಲೈಟ ಬದಲಿ ಮಾಡ್ತಾರ."

ಎಲ್ಲರೂ ಹೂಂ ಎಂದೆವು. ನಾನಂತೂ ಅವಳ ಕೈ ಹಿಡಿದು ಹೂಂ ಎಂದೆ.

ಪರೀಕ್ಷೆಯ ದಿನ ಸಾಲಿನಲ್ಲಿ ನಾನು ಅವಳಿಗಿಂತ ಮುಂದಿದ್ದೆ. ಹಲಗೆಯ ಮುಂದೆ ನಿಂತಾಗ ಕೆಳಗಿನ ಎರಡು ಸಾಲು ಇರುವೆ ಹರಿದಂತೆ ಕಂಡವು. ತೊಳೆಯುವ ಕೋಣೆಯ ಹಬೆ ನೆನಪಾಯಿತು. ನನ್ನ ಬಾಯಿ ತಾನಾಗಿಯೇ ಹೇಳಿತು: ರ, ಗ, ಠ, ವ, ನ. ಹೊರಗೆ ಬಂದು ತಲೆ ತಗ್ಗಿಸಿ ನೀರಿನ ನಳದ ಕಡೆ ಹೋದೆ. ನನ್ನ ಮುಂದಿನವರೂ ಹಿಂದಿನವರೂ ಅದನ್ನೇ ಹೇಳಿದ್ದರು. ಆಪಾ ಒಬ್ಬಳೇ, "ಮೂರನೇ ಸಾಲಿನ ಕೆಳಗ ಏನೂ ಕಾಣವಲ್ದ್ರಿ," ಎಂದಳು. ಮರುದಿನವೇ ಅವಳನ್ನು ತೊಳೆಯಲು ಹಾಕಿದರು. ಕಂಪನಿಯ ಮೇಲೆ ಹೇಸಿಕೊಳ್ಳುವುದು ಸುಲಭ. ಅವತ್ತು ನನ್ನ ಮೇಲೆ ಹುಟ್ಟಿದ ಹೇಸಿಗೆ ಎಷ್ಟು ತೊಳೆದರೂ ಹೋಗಲಿಲ್ಲ.

ಹಬೆಯಲ್ಲಿ ಅವಳ ಕಣ್ಣು ಇನ್ನೂ ಕೆಟ್ಟವು. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟಳು. ಅದಾದ ಮೇಲೆ ಒಂದು ದಿನ ಬಿರುಕು ಬಿಟ್ಟ ಬಾಟ್ಲಿಗಳಿದ್ದ ಇಡೀ ಲೋಡು ಔಷಧ ಕಂಪನಿಯಿಂದ ವಾಪಸ್ ಬಂತು. ಎರಡೇ ದಿನಕ್ಕೆ ಎಲ್ಲ ಟ್ಯೂಬೂ ಬದಲಾದವು! ಈಗ ಬೆಳಕು ನಡುಗುವುದಿಲ್ಲ, ನೇರ ಕಣ್ಣಿಗೆ ಹೊಡೆಯದಂತೆ ಮರೆ ಇದೆ, ಎರಡು ತಾಸಿಗೊಮ್ಮೆ ಹತ್ತು ನಿಮಿಷ ಬಿಡುವು. ಮಹಿಳೆಯರ ಆರೋಗ್ಯದ ಕಾಳಜಿಯಿಂದ ಮಾಡಿದ್ದು ಎಂದು ಮ್ಯಾನೇಜರ್ ಸಾಹೇಬರು ಭಾಷಣ ಮಾಡಿ ಫೋಟೋ ತೆಗೆಸಿಕೊಂಡರು. ನಮ್ಮ ಕಣ್ಣಿಗಿಂತ ಬಾಟ್ಲಿಗೆ ಹೆಚ್ಚು ಮರ್ಯಾದೆ. ಆ ಫೋಟೋದಲ್ಲಿ ನಾನೂ ಹಲ್ಲು ಕಿರಿದು ನಿಂತಿದ್ದೇನೆ, ಥೂ.

ಸುದ್ದಿ ಹೇಳಲು ಅವಳ ಮನೆಗೆ ಹೋದೆ. ಹೊಸ್ತಿಲಲ್ಲಿ ಕೂತು ಬೆರಳಿನಿಂದಲೇ ತಡವಿ ತಡವಿ ಜೋಳದೊಳಗಿನ ಹರಳು ತೆಗೆಯುತ್ತಿದ್ದಳು. ಎಲ್ಲ ಕೇಳಿ, "ಕಿಟಕಿ ಕಾಗದ ಕಿತ್ತ್ರೇನು?" ಎಂದಳು.

"ಇಲ್ಲ ಆಪಾ. ಅವತ್ತ ನಾನೂ ಬಾಯಿಪಾಠ ಹೇಳಿದ್ನಿ."

"ಗೊತ್ತೈತಿ. ಹೊರಗ ಬಂದಾಗ ನನ್ನ ಮಾರಿ ನೋಡ್ಲಿಲ್ಲ ನೀ. ಅಷ್ಟು ಕಾಣತಿತ್ತು ನನಗ." ನಕ್ಕಳು. ಎಡಗಣ್ಣಿನಿಂದ ನೀರು ಇಳಿಯಿತು. "ಚಹಾ ಕುಡದ ಹೋಗು ಬೇ."

ಈ ಮಳೆಗಾಲದಲ್ಲಿ ಜ್ವರ ಬಂದು ಆಪಾ ತೀರಿಕೊಂಡಳು. ಮಣ್ಣು ಮಾಡಿದ ಮರುದಿನ ನಾನು ಎಲ್ಲರಿಗಿಂತ ಮೊದಲು ಹಾಲಿಗೆ ಹೋಗಿ, ಸೆರಗು ನೀರಲ್ಲಿ ಅದ್ದಿ ನೆನೆಸಿ, ಉಗುರಿನಿಂದ ಆ ಕಾಗದ ಕೆರೆದು ತೆಗೆದೆ. ಸುಪರ್ವೈಸರ್ ಬಂದು ನೋಡಿ ತನ್ನ ಮೇಜಿಗೆ ಹೋದ.

ಹೋದ ವಾರ ಮತ್ತೆ ಕಣ್ಣು ಪರೀಕ್ಷೆ ಇತ್ತು. ಅದೇ ಹಲಗೆ. ಈ ಸಲ ಮೊದಲು ಒಳಗೆ ಹೋದವಳು ನಾನು. "ಮೂರನೇ ಸಾಲಿನ ಕೆಳಗ ಕಾಣವಲ್ದ್ರಿ," ಎಂದೆ. ಬರೆದುಕೊಳ್ಳುವವನು ಒಮ್ಮೆ ನನ್ನ ಮುಖ ನೋಡಿ ಬರೆದುಕೊಂಡ. ಹೊರಗೆ ಬಂದಾಗ ಸಾಲಿನಲ್ಲಿ ನಿಂತ ಹೊಸ ಹುಡುಗಿಯರೆಲ್ಲ ಮುತ್ತಿಕೊಂಡರು. "ಅಕ್ಕಾ, ಕಡೀ ಸಾಲು ಏನೈತಿ? ಲಗೂನ ಹೇಳ."

ಐದೂ ಅಕ್ಷರ ನಾಲಗೆಯ ತುದಿಯಲ್ಲೇ ಇದ್ದವು. ಒಬ್ಬೊಬ್ಬರ ಮುಖವನ್ನೂ ನೋಡಿದೆ, ಹೇಳಲಿಲ್ಲ.