ಹೊಲಿಗೆಯ ಕೋಣೆಯಲ್ಲಿ ನನ್ನ ಬಡಗಿತನ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನನಗೆ ಬಡಗಿತನದ ಹುಚ್ಚು ಹಿಡಿಯಿತು. ಸಂಶಿಯ ಹತ್ತಿರ ನಮ್ಮೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಯಾರೋ ಒಬ್ಬ ತನ್ನ ಮನೆಯಲ್ಲೇ ಕೂತು ಕುರ್ಚಿ ಮಾಡುವುದನ್ನು ದಿನವೂ ಮೊಬೈಲಿನಲ್ಲಿ ನೋಡಿ ನೋಡಿ, ನಾನೂ ಕೈಯಿಂದ ಏನಾದರೂ ಮಾಡಬೇಕು ಅನ್ನಿಸಿತು. ಹುಬ್ಬಳ್ಳಿಗೆ ಹೋಗಿ ಉಳಿ, ಗರಗಸ, ಉಜ್ಜುಗೊರಡು ತಂದೆ. ಇನ್ನು ಜಾಗವೊಂದು ಬೇಕಿತ್ತು.

ನಮ್ಮ ಮನೆಯಲ್ಲಿ ಚೆನ್ನಾಗಿ ಬೆಳಕು ಬೀಳುವುದು ಒಂದೇ ಕೋಣೆಗೆ. ಓಣಿಯ ಕಡೆ ದೊಡ್ಡ ಕಿಟಕಿಯಿರುವ ಆ ಕೋಣೆಯಲ್ಲಿ ನನ್ನ ಹೆಂಡತಿಯ ಹೊಲಿಗೆ ಮಶೀನು ಇತ್ತು. ಮಧ್ಯಾಹ್ನದ ಊಟ ಮುಗಿದ ಮೇಲೆ ಓಣಿಯ ಮೂರ್ನಾಲ್ಕು ಹೆಂಗಸರು ಕುಬಸದ ಅರಿವೆ ಹಿಡಿದುಕೊಂಡು ಬಂದು ಸಂಜೆಯವರೆಗೂ ಅಲ್ಲೇ ಕೂತಿರುತ್ತಿದ್ದರು.

"ನಿನ್ನ ಮಶೀನ ಪಡಸಾಲ್ಯಾಗ ಇಡೂಣು," ಎಂದೆ.

"ಅಲ್ಲಿ ಕತ್ತಲ್ರಿ. ಮತ್ತ ನಿಮ್ಮ ಮಂದಿ ಬಂದು ಕುಂದರ್ತಾರ."

"ಲೈಟ್ ಹಾಕಿಸ್ತೀನಿ ತಗೋ."

ಅವಳು ತಲೆ ತಗ್ಗಿಸಿ ಕೈಯಲ್ಲಿದ್ದ ಅರಿವೆ ಮಡಚತೊಡಗಿದಳು. ಅದನ್ನೇ ಒಪ್ಪಿಗೆ ಎಂದುಕೊಂಡೆ. ಮರುದಿನ ಮಶೀನನ್ನು ಎತ್ತಿ ಹೊರಗಿಡುವಾಗ ಒಂದು ಬದಿಯನ್ನು ಅವಳೇ ಹಿಡಿದಿದ್ದಳು.

ಆಮೇಲಿನ ತಿಂಗಳುಗಳು ನನ್ನ ಪಾಲಿಗೆ ಹಬ್ಬ. ಗೋಡೆಗೆ ಮೊಳೆ ಹೊಡೆದು ಸಾಮಾನು ತೂಗುಹಾಕಿದೆ. ಮೊದಲು ಮಾಡಿದ ಸ್ಟೂಲು ಕುಂಟಿತು, ಎರಡನೆಯದು ನಿಂತಿತು. ಪಡಸಾಲೆಯಲ್ಲಿ ಎಂದಿನಂತೆ ನನ್ನ ಗೆಳೆಯರು ಪೇಪರು ಓದುತ್ತ ಕೂರುತ್ತಿದ್ದರು. ಹೆಂಗಸರು ಬಾಗಿಲಿಗೆ ಬಂದು, ಅವರನ್ನು ಕಂಡು, "ಆಮ್ಯಾಲೆ ಬರ್ತೇವ್ರಿ ಅಕ್ಕಾರ" ಎಂದು ಹಾಗೇ ತಿರುಗಿ ಹೋಗುತ್ತಿದ್ದರು. ಹೊಲಿಯಲು ಬಂದ ಬಿಳಿ ಅರಿವೆಯ ಮೇಲೆಲ್ಲ ನನ್ನ ಕಟ್ಟಿಗೆ ಪುಡಿ. ಮಶೀನಿನ ಸದ್ದು ಎಂದು ನಿಂತಿತೋ ನನಗೆ ತಿಳಿಯಲಿಲ್ಲ. ನನ್ನ ಉಜ್ಜುಗೊರಡಿನ ಸದ್ದೇ ಕಿವಿ ತುಂಬಿತ್ತು. ಮಶೀನಿಗೆ ಹಳೆಯ ಚಾದರ ಹೊದಿಸಿದ್ದಳು. ಅದರ ಮೇಲೆ ಪೇಪರು ಪೇರಿಸಿಟ್ಟವನು ನಾನೇ.

ನಿವೃತ್ತನಾದ ಮೇಲೆ, ಅವಳಿಗೊಂದು ಹೊಲಿಗೆಯ ಮೇಜು ಮಾಡಿಕೊಡಬೇಕು ಎನಿಸಿತು. ಕಲಘಟಗಿಯಿಂದ ಸಾಗವಾನಿ ಹಲಗೆ ತಂದೆ. ನಾಲ್ಕು ತಿಂಗಳು ಹಿಡಿಯಿತು. ದಾರದ ಉಂಡೆಗಳಿಗೆ ಸಣ್ಣ ಸಣ್ಣ ಖಾನೆ ಮಾಡಿದೆ, ಅಂಚು ಕೈಗೆ ತಾಗದಂತೆ ನುಣ್ಣಗೆ ತಿಕ್ಕಿದೆ. ಮುಗಿದ ದಿನ ಅವಳನ್ನು ಕರೆದೆ. ಅವಳು ಮೇಜಿನ ಮೇಲೆ ಕೈಯಾಡಿಸಿದಳು.

"ಭಾಳ ಛಲೋ ಆಗೇತ್ರಿ. ಯಾರಿಗಿದು?"

"ನಿನಗ. ಹೊಲಿಯಾಕ."

"ನಾ ಹೊಲಿಯೂದು ಬಿಟ್ಟು ಎರಡು ವರ್ಷ ಆಗಾಕ ಬಂತಲ್ರಿ," ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಆ ವಾರವೇ ನನ್ನ ಸಾಮಾನನ್ನೆಲ್ಲ ಹಿತ್ತಲಿನ ದನದ ಕೊಟ್ಟಿಗೆಗೆ ಸಾಗಿಸಿದೆ. ಎಮ್ಮೆ ಮಾರಿದಂದಿನಿಂದ ಅದು ಖಾಲಿ ಬಿದ್ದಿತ್ತು. ನಾನು ಉಳಿ, ಗರಗಸ ತಂದ ದಿನವೂ ಖಾಲಿಯೇ ಇತ್ತು. ತಗಡಿನ ಚಾವಣಿ, ಸೆಕೆ, ಬೆಳಕು ಕಡಿಮೆ ಎಂದು ಆಗ ಅದರತ್ತ ಮುಖ ಹಾಕಿರಲಿಲ್ಲ. ಕೋಣೆ ತೊಳೆದು, ಕಿಟಕಿಯ ಬುಡದಲ್ಲಿ ಮೇಜಿಟ್ಟು, ಪಕ್ಕದಲ್ಲಿ ಮಶೀನು ಕೂರಿಸಿ ಎಣ್ಣೆ ಬಿಟ್ಟೆ. ಅವಳು ಕೂತಳು. ಒಂದೇ ಪಟ್ಟಿನಲ್ಲಿ ತಲೆದಿಂಬಿನ ಗವಸೊಂದನ್ನು ಹೊಲಿದು ಎದ್ದುಬಿಟ್ಟಳು.

"ಯಾಕ, ಸರಿ ಇಲ್ಲೇನು?"

"ಎಲ್ಲಾ ಸರಿ ಐತ್ರಿ. ಒಬ್ಬಾಕೀನ ಕುಂತು ಹೊಲಿಯೂದು ಬ್ಯಾಸರ."

ಅವಳಿಗೆ ಬೇಕಾದದ್ದು ಬೆಳಕು, ಜಾಗ ಎಂದಷ್ಟೇ ನಾನು ಲೆಕ್ಕ ಹಾಕಿದ್ದೆ.

ಮರುದಿನ ಅವಳು ಅಡುಗೆಮನೆಯಲ್ಲಿದ್ದಾಗ, ಮೊದಲು ತಪ್ಪದೆ ಬರುತ್ತಿದ್ದ ಹೆಂಗಸಿನ ಮನೆಗೆ ಹೋದೆ. ಮೂರು ಮನೆ ಆಚೆ.

"ನಮ್ಮನಿಯಾಕಿ ಮತ್ತ ಮಶೀನ ಹಚ್ಯಾಳ್ರಿ ಅಕ್ಕಾರ. ಬರ್ರಿ," ಎಂದೆ.

ಆಕೆ ಕೂರಿಸಿ ಚಹಾ ಕೊಟ್ಟಳು. "ಈಗ ಬಸ್‌ ಸ್ಟ್ಯಾಂಡ್ ಬಾಜೂಕ ಒಬ್ಬಾಕಿ ಅಂಗಡಿ ಹಾಕ್ಯಾಳ್ರಿ ಮಾಸ್ತರ. ಎಲ್ಲಾರೂ ಅಲ್ಲೇ ಕೊಡ್ತೇವಿ. ಆದ್ರೂ ಬರ್ತೇನ್ರಿ ಒಂದಿನ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಮಳೆಗಾಲ ಕಳೆದು ಸುಗ್ಗಿ ಬಂತು. ಆಕೆ ಇನ್ನೂ ಬಂದಿಲ್ಲ. ಮಧ್ಯಾಹ್ನದ ಹೊತ್ತು ನನ್ನ ಹೆಂಡತಿ ಆ ಮೇಜಿನ ಮೇಲೆ ಜೋಳ ಹರವಿಕೊಂಡು ಹಸನು ಮಾಡುತ್ತ ಕೂರುತ್ತಾಳೆ. ನಾನು ಹೋಗಿ ಕರೆದು ಬಂದದ್ದನ್ನು ಅವಳಿಗೆ ಹೇಳಿಲ್ಲ.